ಥ್ರಾಟಲ್ ಕಚ್ಚಿತ್ತು, ಬಿಸಿನೀರು ಬಿಡಿಸಿತು

ಎಣ್ಣೆ ಹಾಕಬೇಕಾದ ಕಡೆ ನೀರು ಹಾಕುತ್ತೀಯಾ ಎಂದು ನಕ್ಕವರು ಈಗ ಅದನ್ನೇ ಮಾಡುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಎಂಜಿನ್ 40 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ತಗುಲಿಸುವಂಥದ್ದು. ಎರಡು ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ), ರಿಮೋಟ್ ಕಂಟ್ರೋಲ್ (ದೂರದಿಂದ ಕೇಬಲ್ ಮೂಲಕ ಎಂಜಿನ್ ನಡೆಸುವ ಲಿವರ್ ಪೆಟ್ಟಿಗೆ), ಉಪ್ಪುನೀರಿನ ಓಡಾಟ. ವೇಗ ಏರಿಳಿಸುವ ಥ್ರಾಟಲ್ ಲಿವರ್ ಮುಂದಕ್ಕೆ ಸಲೀಸಾಗಿ ಹೋಗುತ್ತಿತ್ತು. ಹಿಂದಕ್ಕೆ ಎಳೆದರೆ ಥ್ರಾಟಲ್ ಇನ್ನೂ ಕಾಲುಭಾಗ ತೆರೆದಿರುವಾಗಲೇ ಕಚ್ಚುತ್ತಿತ್ತು. ದೋಣಿ ಕಟ್ಟುವ ದಕ್ಕೆಗೆ ಬರುವಾಗ ವೇಗ ಇಳಿಯದಿದ್ದರೆ ಪಾಡು ಗೊತ್ತೇ ಇದೆಯಲ್ಲ, ಎಳೆದ ಕೂಡಲೇ ಎಂಜಿನ್ ಆರಿಸುವ ಕಿಲ್ ಸ್ವಿಚ್ ಹಗ್ಗ ಕೈಯಿಂದ ಬಿಚ್ಚಲೇ ಇಲ್ಲ.

ಮೊದಲು ಕೇಬಲ್ ಬದಲಿಸಿದೆ, ದಂಡ. ಕಂಟ್ರೋಲ್ ಬಾಕ್ಸ್‌ನಲ್ಲಿ ಲಿವರ್ ಬಿಗಿ ಹೆಚ್ಚು ಕಡಿಮೆ ಮಾಡುವ ಫ್ರಿಕ್ಷನ್ ಸ್ಕ್ರೂ ಸಡಿಲಿಸಿದರೆ ಲಿವರ್ ಅಲೆಯ ಹೊಡೆತಕ್ಕೆ ತಾನಾಗಿ ಜಾರತೊಡಗಿತು, ಮತ್ತೆ ಬಿಗಿದೆ. ಆಮೇಲೆ ಎರಡು ಕಾರ್ಬುರೇಟರ್ ಕಿಟ್. ಕಿಟ್‌ನಲ್ಲಿ ಬರುವುದು ಸೂಜಿ, ಗ್ಯಾಸ್ಕೆಟ್; ಕಚ್ಚಿದ್ದು ಶಾಫ್ಟ್, ಅಂದರೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಯನ್ನು (ಬಟರ್‌ಫ್ಲೈ) ತಿರುಗಿಸುವ ಕಡ್ಡಿ. ಹೋದ ದುಡ್ಡಿಗೆ ಹಳೇ ಕಾರ್ಬುರೇಟರ್ ಜೋಡಿಯೇ ಬರುತ್ತಿತ್ತೇನೋ.

ಮೊದಲೇ ಮಾಡಬೇಕಿದ್ದ ಐದು ನಿಮಿಷದ ಕೆಲಸ ಇದು. ಎಂಜಿನ್ ಆರಿಸಿ, ಎಂಜಿನ್ ಕಡೆಯ ಕೇಬಲ್ ಪಿನ್ ತೆಗೆದೆ. ಕೇಬಲ್ ಹಗುರ, ಎಂಜಿನ್ನನ್ನು ಎಡಬಲ ಪೂರ್ತಿ ತಿರುಗಿಸಿದರೂ ಹಗುರ. (ತಿರುಗಿಸಿದಾಗ ಬಿಗಿಯಾದರೆ ಕೇಬಲ್ ತೀರಾ ಬಾಗಿದೆ ಎಂದರ್ಥ, ಬಾಗಿನ ತ್ರಿಜ್ಯ 20 ಸೆಂ.ಮೀ.ಗಿಂತ ಕಡಿಮೆ ಬೇಡ.) ಕಾರ್ಬುರೇಟರ್‌ಗಳ ನಡುವಿನ ಲಿಂಕ್ ಕಡ್ಡಿ ಬಿಡಿಸಿದೆ. ಮೇಲಿನ ಕಾರ್ಬುರೇಟರ್‌ನ ಬಟರ್‌ಫ್ಲೈ ಟಪ್ ಅಂತ ಮುಚ್ಚಿತು, ಕೆಳಗಿನದು ಕಾಲುಭಾಗದಲ್ಲೇ ನಿಂತಿತು.

ಅಲ್ಯುಮಿನಿಯಂ ಬಾಡಿಗೂ ಶಾಫ್ಟಿಗೂ ನಡುವೆ ಕೂದಲೆಳೆಯಷ್ಟು ಜಾಗ. ಅಲ್ಲಿಗೆ ಇಳಿದ ನೀರು ಒಣಗಿ ಉಪ್ಪು ಕೂರುತ್ತದೆ, ಜೊತೆಗೆ ಅಲ್ಯುಮಿನಿಯಂನ ಬಿಳಿ ಪುಡಿ. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಸ್ಪ್ರೇ ಎಣ್ಣೆ ಹೊಡೆದರೆ ಎರಡು ದಿನ ಸರಿ, ಮೂರನೇ ದಿನ ಎಣ್ಣೆಯೂ ಉಪ್ಪೂ ಸೇರಿ ಅಂಟು. ಕಾರ್ಬುರೇಟರ್ ಕ್ಲೀನರೂ ಅಷ್ಟೇ: ಪೆಟ್ರೋಲಿನ ಜಿಡ್ಡು ತೆಗೆಯುತ್ತದೆ, ಉಪ್ಪನ್ನಲ್ಲ.

ಕಾರ್ಬುರೇಟರ್ ಇಳಿಸಿ, ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ತಳದ ಪೆಟ್ರೋಲ್ ಬಟ್ಟಲು (ಬೌಲ್), ಅದರೊಳಗಿನ ತೇಲುವ ಫ್ಲೋಟ್ ಬಿಚ್ಚಿ, ಬಾಡಿಯನ್ನು ಸುಮಾರು 60 ಡಿಗ್ರಿ ಬಿಸಿಯ ಸಿಹಿನೀರಿನಲ್ಲಿ 20 ನಿಮಿಷ ಮುಳುಗಿಸಿದೆ. ಆಗಾಗ ಶಾಫ್ಟ್ ಹಿಂದೆ ಮುಂದೆ ಆಡಿಸುತ್ತಿರಬೇಕು, ಪುಡಿ ಹೊರಬರುವುದೇ ಅದರಿಂದ. ಮೂರು ಸಲ ನೀರು ಬದಲಿಸಿದೆ, ಮೊದಲನೆಯದು ಮಜ್ಜಿಗೆಯಂತಾಗಿತ್ತು. ಬಟರ್‌ಫ್ಲೈ ಸ್ಕ್ರೂ ಮುಟ್ಟಬೇಡಿ. ಅವುಗಳ ತುದಿ ತಟ್ಟಿ ಹಿಗ್ಗಿಸಿರುತ್ತಾರೆ, ಒಂದರ ತಲೆ ಮುರಿದುಕೊಂಡ ಮೇಲೆ ನನಗೆ ಬುದ್ಧಿ ಬಂತು. ಸಡಿಲಾಗಿ ಬಿದ್ದರೆ ಅದು ಹೋಗುವುದು ನೇರ ಎಂಜಿನ್ನಿನೊಳಗೆ.

ಆಮೇಲೆ ಗಾಳಿ ಹೊಡೆದು ಒಣಗಿಸಬೇಕು, ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳ ಒಳಗೂ. ಐಡಲ್ (ಥ್ರಾಟಲ್ ಕೊಡದೆ ನಿಧಾನ ಓಡುವ) ದಾರಿಯಲ್ಲಿ ಹನಿ ನೀರು ಉಳಿದರೂ ಐಡಲ್ ಕುಂಟುತ್ತದೆ. ಒಣಗಿದ ಕೂಡಲೇ ಶಾಫ್ಟಿಗೆ ತೆಳು ಎಣ್ಣೆ, ತುದಿಗಳಿಗೆ ಹೊರಗಿನಿಂದ ನೀರು ತಡೆಯುವ ಗ್ರೀಸ್. ಗ್ರೀಸ್‌ಗೆ ಏನು ಬೆರೆಸುತ್ತೇನೆ ಎನ್ನುವುದು ನನ್ನಲ್ಲೇ ಇರಲಿ. ಜೋಡಿಸುವಾಗ ಲಿಂಕ್ ಸ್ಕ್ರೂ ಸಡಿಲವಿಟ್ಟು, ಎರಡೂ ಬಟರ್‌ಫ್ಲೈ ಪೂರ್ತಿ ಮುಚ್ಚಿದ ಮೇಲೆ ಬಿಗಿದೆ.

ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿದ್ದೂ ಉಂಟು: ಮೊದಲು ಲಿವರ್ ತುದಿಯಲ್ಲಿ 4 ಕೆ.ಜಿ. ಆಸುಪಾಸು, ಈಗ ಒಂದೂವರೆ. ಗುಜರಿಗೆ ಹೋಗಬೇಕಿದ್ದ ಒಂದು ಕಾರ್ಬುರೇಟರ್ ಬಾಡಿಯ ಮೇಲೆ ವಿನೆಗರ್ ಹಾಕಿ ನೋಡಿದೆ. ಬಿಳಿ ಪುಡಿ ಹೋಯಿತು, ಲೋಹದ ಮೈಯೂ ಮಂಕಾಯಿತು. ಒಳ್ಳೇ ಕಾರ್ಬುರೇಟರ್‌ಗೆ ಹಾಕಲಾರೆ.

ಈಗ ತಿಂಗಳಿಗೊಮ್ಮೆ ಶಾಫ್ಟ್ ತುದಿಗೆ ಬಿಸಿನೀರಿನ ಬಟ್ಟೆ ಸುತ್ತಿ ಇಪ್ಪತ್ತು ಸಲ ಆಡಿಸಿ, ಒರೆಸಿ ಎಣ್ಣೆ ಬಿಡುತ್ತೇನೆ. ಎಂಟು ತಿಂಗಳಾಯಿತು, ಕಚ್ಚಿಲ್ಲ. ಸುಮ್ಮನೆ ಬದಲಿಸಿದ ಆ ಹಳೇ ಕೇಬಲ್ ಸುರುಳಿ ಸುತ್ತಿ ಸ್ಪೇರ್ ಆಗಿ ಕೂತಿದೆ.