ಅಡಿಕೆ ಖರೀದಿ ತಂತ್ರಾಂಶ: ಮೈಕ್ರೋಸರ್ವಿಸ್‌ಗಳಾಗಿ ಒಡೆಯುವ ಮುನ್ನ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಸಹಕಾರ ಸಂಘವೊಂದು ಅಡಿಕೆ ಖರೀದಿಗೆ ತಂತ್ರಾಂಶ ಮಾಡಿಸುತ್ತಿದೆ ಎಂದಿಟ್ಟುಕೊಳ್ಳೋಣ. ಗೋಣಿಯ ತೂಕ, ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳ ವಿಂಗಡಣೆ, ಆ ದಿನದ ಧಾರಣೆ, ಬಿಲ್ಲು, ಬ್ಯಾಂಕ್ ಖಾತೆಗೆ ಹಣ, ಕೃಷಿಕರ ಮೊಬೈಲಿಗೆ ಕನ್ನಡದಲ್ಲೋ ಮಲಯಾಳದಲ್ಲೋ ಒಂದು ಸಂದೇಶ, ಕೆಲಸ ಇಷ್ಟು. ಇವನ್ನೆಲ್ಲ ಒಂದೇ ತಂತ್ರಾಂಶವಾಗಿ ಕಟ್ಟಬಹುದು, ಇಲ್ಲವೇ ಬೇರೆಬೇರೆಯಾಗಿ ಓಡುತ್ತ ನೆಟ್‌ವರ್ಕ್ ಮೂಲಕ ವ್ಯವಹರಿಸುವ ಸಣ್ಣ ಸರ್ವಿಸ್‌ಗಳಾಗಿಯೂ ಕಟ್ಟಬಹುದು. ಈ ಎರಡನೆಯ ವಿಧಾನವೇ ಮೈಕ್ರೋಸರ್ವಿಸ್.

ಮೊದಲು ಒಡೆಯುವ ಅಗತ್ಯವಿದೆಯೇ ಎಂದು ನೋಡಬೇಕು. ಸಂಸ್ಥೆಯೊಳಗಿನ ಸಂವಹನ ಹೇಗಿದೆಯೋ ಅದು ಕಟ್ಟುವ ವ್ಯವಸ್ಥೆಯ ರಚನೆಯೂ ಹಾಗೆಯೇ ಆಗುತ್ತದೆ ಎಂದು ಅಮೆರಿಕದ ಗಣಕವಿಜ್ಞಾನಿ ಮೆಲ್ವಿನ್ ಕಾನ್‌ವೇ 1968ರಲ್ಲಿಯೇ ಬರೆದಿದ್ದರು. ಮೂರು ನಾಲ್ಕು ಮಂದಿಯ ಒಂದೇ ತಂಡಕ್ಕೆ ಹತ್ತು ಸರ್ವಿಸ್‌ಗಳು ಹೊರೆಯೇ ಸರಿ. ಅಂಥ ತಂಡವು ಒಳಗೆ ಅಚ್ಚುಕಟ್ಟಾಗಿ ವಿಭಾಗಿಸಿದ ಒಂದೇ ತಂತ್ರಾಂಶದಿಂದ ಆರಂಭಿಸುವುದು ಒಳ್ಳೆಯದು.

ಎರಡನೆಯದಾಗಿ ಗಡಿ ಗುರುತಿಸಬೇಕು. ಡೇಟಾಬೇಸಿನ ಒಂದೊಂದು ಟೇಬಲ್ಲಿಗೆ (ದತ್ತಾಂಶದ ಕೋಷ್ಟಕಕ್ಕೆ) ಒಂದೊಂದು ಸರ್ವಿಸ್ ಮಾಡುವುದು ಬಹಳ ಸಾಮಾನ್ಯವಾದ ತಪ್ಪು. ನಾಳೆ ಹೊಸದೊಂದು ದರ್ಜೆಯ ಅಡಿಕೆ ಸೇರಿಸಬೇಕಾದರೆ ಎಷ್ಟು ಸರ್ವಿಸ್‌ಗಳನ್ನು ತಿದ್ದಬೇಕು ಎಂದು ಕೇಳಿಕೊಳ್ಳಿ. ತೂಕ, ಧಾರಣೆ, ಬಿಲ್ಲು ಮೂರನ್ನೂ ಒಟ್ಟಿಗೇ ತಿದ್ದಿ ಒಂದೇ ದಿನ ಚಾಲೂ ಮಾಡಬೇಕಾಗಿ ಬಂದರೆ, ಅವು ಹೆಸರಿಗೆ ಮಾತ್ರ ಪ್ರತ್ಯೇಕ.

ಮೂರನೆಯದು ದತ್ತಾಂಶದ ಒಡೆತನ. ಎಲ್ಲ ಸರ್ವಿಸ್‌ಗಳೂ ಒಂದೇ ಡೇಟಾಬೇಸಿಗೆ ಕೈಹಾಕಿದರೆ, ಧಾರಣೆಯವರು ಒಂದು ಕಾಲಂನ ಹೆಸರು ಬದಲಿಸಿದ ದಿನ ಬಿಲ್ಲು ನಿಂತುಹೋಗುತ್ತದೆ. ಆದ್ದರಿಂದ ಧಾರಣೆಯ ಟೇಬಲ್ಲನ್ನು ಧಾರಣೆಯ ಸರ್ವಿಸ್ ಮಾತ್ರ ಮುಟ್ಟಬೇಕು, ಉಳಿದವು ಅದನ್ನು ಕೇಳಿ ಪಡೆಯಬೇಕು. ಹಾಗೆಂದು ಹಳೆಯ ಬಿಲ್ಲನ್ನು ತೆರೆದಾಗಲೆಲ್ಲ ಧಾರಣೆಯನ್ನು ಮತ್ತೆ ಕೇಳುವುದು ಸಲ್ಲದು, ಏಕೆಂದರೆ ಅಷ್ಟರಲ್ಲಿ ಧಾರಣೆ ಬದಲಾಗಿರುತ್ತದೆ. ಖರೀದಿಯ ಕ್ಷಣದ ಧಾರಣೆಯನ್ನು ಬಿಲ್ಲಿನ ಸರ್ವಿಸ್ ತನ್ನಲ್ಲೇ ಬರೆದಿಟ್ಟುಕೊಳ್ಳಬೇಕು. ಒಂದೇ ಅಂಕಿ ಎರಡು ಕಡೆ ಇದೆಯೆಂದು ಇದನ್ನು ಆಕ್ಷೇಪಿಸುವವರಿದ್ದಾರೆ. ಆದರೆ ಇಂದಿನ ಧಾರಣೆ ಬೇರೆ, ಆ ದಿನ ಒಪ್ಪಿದ ಧಾರಣೆ ಬೇರೆ.

ನಾಲ್ಕನೆಯದಾಗಿ, ಒಂದು ಸರ್ವಿಸ್ ಇನ್ನೊಂದನ್ನು ಕೇಳುವ ಕರೆಗಳ ಸರಪಣಿಯನ್ನು ಮೊಟಕುಗೊಳಿಸಬೇಕು. ಒಂದೊಂದೂ ಶೇ 99ರಷ್ಟು ಹೊತ್ತು ಲಭ್ಯವಿರುವ ಐದು ಸರ್ವಿಸ್‌ಗಳು ಒಂದಕ್ಕೊಂದು ಕಾಯುತ್ತ ಕುಳಿತರೆ, ಒಟ್ಟು ಲಭ್ಯತೆ ಸುಮಾರು ಶೇ 95ಕ್ಕೆ ಇಳಿಯುತ್ತದೆ; ಅಂದರೆ ತಿಂಗಳಿಗೆ 35 ಗಂಟೆಗಳಷ್ಟು ಅಡಚಣೆ. ಬಿಲ್ಲು ಮುಗಿಯಲು ಸಂದೇಶ ಹೋಗುವ ತನಕ ಕಾಯಬೇಕಾಗಿಲ್ಲ, ಸಂದೇಶವನ್ನು ಕ್ಯೂಗೆ, ಅಂದರೆ ಆಮೇಲೆ ಕಳುಹಿಸಬೇಕಾದವುಗಳ ಸಾಲಿಗೆ, ಹಾಕಿದರೆ ಸಾಕು.

ಐದನೆಯದು ಹಣದ ವಿಷಯವಾದ್ದರಿಂದ ಅತ್ಯಂತ ಎಚ್ಚರ ಬೇಡುವಂಥದು. ಮಳೆಗಾಲದಲ್ಲಿ ಸಂಪರ್ಕ ಕಡಿಯಿತೆನ್ನಿ: ಬ್ಯಾಂಕಿಗೆ ಕೋರಿಕೆ ತಲುಪಿದೆ, ಹಣ ಜಮೆಯಾಗಿದೆ, ಉತ್ತರ ಮಾತ್ರ ಮರಳಿಲ್ಲ. ಇದನ್ನು ವಿಫಲವೆಂದು ತಿಳಿದು ಮತ್ತೆ ಕಳುಹಿಸಿದರೆ ಎರಡು ಬಾರಿ ಪಾವತಿಯಾಗುತ್ತದೆ. ಆದ ಕಾರಣ ಪ್ರತಿ ಪಾವತಿಗೂ ಮೊದಲ ಯತ್ನಕ್ಕೆ ಮುಂಚೆಯೇ ಒಂದು ಗುರುತುಸಂಖ್ಯೆ ಕೊಟ್ಟು, ಮರುಯತ್ನಗಳಲ್ಲೆಲ್ಲ ಅದನ್ನೇ ಕಳುಹಿಸಬೇಕು. ಸ್ವೀಕರಿಸುವ ಕಡೆ ಆ ಸಂಖ್ಯೆ ಮೊದಲೇ ಬಂದಿದ್ದರೆ ಹಣ ಕಳುಹಿಸದೆ ಹಿಂದಿನ ಉತ್ತರವನ್ನೇ ಕೊಡಬೇಕು. ಪ್ರತಿ ಯತ್ನಕ್ಕೂ ಹೊಸ ಸಂಖ್ಯೆ ಹುಟ್ಟಿಸಿದರೆ ಈ ಏರ್ಪಾಡೆಲ್ಲ ವ್ಯರ್ಥ. ಮರುಯತ್ನಗಳ ನಡುವಿನ ಅಂತರವನ್ನು ಹೆಚ್ಚಿಸುತ್ತ ಹೋಗಬೇಕು, ಇಲ್ಲವಾದರೆ ಚೇತರಿಸಿಕೊಳ್ಳುತ್ತಿರುವ ಸರ್ವರ್ ಮತ್ತೆ ಕುಸಿಯುತ್ತದೆ. ‘ಆಗಿದೆ’, ‘ಆಗಿಲ್ಲ’ ಎಂಬೆರಡರ ಜೊತೆಗೆ ‘ಇನ್ನೂ ತಿಳಿದಿಲ್ಲ’ ಎಂಬ ಮೂರನೆಯ ಸ್ಥಿತಿಯೂ ಪರದೆಯ ಮೇಲೆ ಕಾಣಬೇಕು. ವಿಚಾರಿಸಲು ಬಂದ ಕೃಷಿಕರಿಗೆ ಕೌಂಟರಿನವರು ನಿಜ ಹೇಳುವುದು ಆಗ ಮಾತ್ರ ಸಾಧ್ಯ.

ಒಡೆಯುವುದೆಂದು ತೀರ್ಮಾನವಾದರೆ ಸಂದೇಶದ ಸರ್ವಿಸನ್ನು ಮೊದಲು ಬೇರ್ಪಡಿಸಿ. ಅದು ಅರ್ಧ ದಿನ ನಿಂತರೂ ಯಾರ ಹಣಕ್ಕೂ ತೊಂದರೆಯಿಲ್ಲ. ಪಾವತಿಯನ್ನು ಕೊನೆಗೆ ಮುಟ್ಟಿ. ಆ ಮೊದಲ ಸರ್ವಿಸ್ ಹೊರಬರುವ ಮುನ್ನವೇ, ಗೋಣಿ ತೂಕದ ಯಂತ್ರಕ್ಕೇರಿದಾಗ ಹುಟ್ಟಿದ ಒಂದು ಸಂಖ್ಯೆ ಎಲ್ಲ ಸರ್ವಿಸ್‌ಗಳ ಲಾಗ್‌ನಲ್ಲೂ (ನಡೆದುದರ ದಾಖಲೆಪಟ್ಟಿಯಲ್ಲೂ) ದಾಖಲಾಗುವಂತೆ ಮಾಡಿ; ಆ ಗೋಣಿಯ ವ್ಯವಹಾರ ಎಲ್ಲಿ ನಿಂತಿತೆಂದು ಆಗ ಹುಡುಕಬಹುದು.