ಶುಗರ್‌ಗೆ ಸೆಲ್ ಕಸಿ: ದುಡ್ಡು ಕಟ್ಟುವ ಮುಂಚೆ ಹೀಗೆ ವಿಚಾರಿಸಿ

ಮಗುವಿಗೆ ಟೈಪ್ 1 ಡಯಾಬಿಟಿಸ್ (ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಬಗೆ) ಇದ್ದರೆ, ‘ಸೆಲ್ (ಜೀವಕೋಶ) ಹಾಕಿದರೆ ಇನ್ಸುಲಿನ್ ಬೇಡ’ ಎಂಬ ಮಾತಿಗೆ ಹೆತ್ತವರ ಜೀವ ಎಳೆಯುತ್ತದೆ. ಮುಂಬೈ ಕಡೆಯ ಡೊಂಬಿವಲಿ, ಮಾಟುಂಗಾದ ನಮ್ಮ ಕನ್ನಡಿಗರ ಮನೆಗಳಲ್ಲೂ ಅಷ್ಟೇ. ಚಿಕಿತ್ಸೆ ಇರುವುದು ನಿಜ. ಆದರೆ ಎಲ್ಲರಿಗೂ ಅಲ್ಲ.

ಮೊದಲು ಯಾವ ಡಯಾಬಿಟಿಸ್ ಎಂದು ಖಚಿತ ಮಾಡಿಕೊಳ್ಳಿ. ಇನ್ಸುಲಿನ್ ಚುಚ್ಚಿಕೊಳ್ಳುವವರೆಲ್ಲ ಟೈಪ್ 1 ಅಲ್ಲ. ಮೈ ತಾನೇ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್, ಮೈ ತನ್ನದೇ ಕೋಶಗಳ ಮೇಲೆ ದಾಳಿ ಮಾಡುತ್ತಿದೆಯೇ ಎಂದು ತೋರಿಸುವ ಆ್ಯಂಟಿಬಾಡಿ ರಕ್ತಪರೀಕ್ಷೆಗಳ ಬಗ್ಗೆ ಡಾಕ್ಟರನ್ನು ಕೇಳಿ.

ಆಮೇಲೆ, ಏನನ್ನು ಹಾಕುತ್ತೀರಿ ಎಂದು ಬಿಡಿಸಿ ಕೇಳಿ. ಅಸಲಿ ಕಸಿಯಲ್ಲಿ ಬ್ರೇನ್ ಡೆಡ್ ಆದ ದಾನಿಯ ಮೇದೋಜೀರಕ ಗ್ರಂಥಿಯಿಂದ ಐಲೆಟ್ ಎಂಬ ಜೀವಕೋಶಗಳ ಗುಂಪುಗಳನ್ನು ತೆಗೆಯುತ್ತಾರೆ. ಗ್ರಂಥಿಯಲ್ಲಿ ಇವು ನೂರಕ್ಕೆ ಒಂದೆರಡು ಪಾಲು ಮಾತ್ರ. ಕಿಣ್ವ ಹಾಕಿ ಬಿಡಿಸಿ, ಸೋಸಿ, ಸಣ್ಣ ಕೊಳವೆಯಿಂದ ಲಿವರ್‌ಗೆ ಹೋಗುವ ಪೋರ್ಟಲ್ ರಕ್ತನಾಳಕ್ಕೆ ಬಿಡುತ್ತಾರೆ. ಅವು ಲಿವರ್‌ನಲ್ಲೇ ನೆಲೆಯಾಗಿ ಇನ್ಸುಲಿನ್ ಮಾಡುತ್ತವೆ. ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪಿರೊ ತಂಡ ಹೀಗೆ 7 ಜನರ ಇನ್ಸುಲಿನ್ ನಿಲ್ಲಿಸಿದ್ದನ್ನು 2000ದಲ್ಲಿ ಪ್ರಕಟಿಸಿತು. ಆದರೆ ಒಬ್ಬೊಬ್ಬರಿಗೂ ಒಂದಕ್ಕಿಂತ ಜಾಸ್ತಿ ದಾನಿಗಳು ಬೇಕಾಗಿದ್ದರು. ಕೆಲವು ವರ್ಷಗಳಲ್ಲಿ ಹಲವರಿಗೆ ಮತ್ತೆ ಇನ್ಸುಲಿನ್ ಬೇಕಾಯಿತು. ಇದನ್ನು ಜಾಹೀರಾತುಗಳು ಹೇಳುವುದಿಲ್ಲ.

ಹಾಗಾದರೆ ಯಾರಿಗೆ? ಸುಳಿವೇ ಕೊಡದೆ ಶುಗರ್ ಪದೇ ಪದೇ ತೀರಾ ಇಳಿಯುವ ವಯಸ್ಕರಿಗೆ. ವಿರಾರ್ ಲೋಕಲ್ ರೈಲಿನಲ್ಲಿ ನಿಂತಿರುವಾಗ ಶುಗರ್ 50ಕ್ಕಿಂತ ಕೆಳಗೆ ಹೋದರೂ ಕೈ ನಡುಗದು, ಬೆವರದು. ನೇರವಾಗಿ ಎಚ್ಚರ ತಪ್ಪುತ್ತದೆ. ಅಮೆರಿಕ 2023ರಲ್ಲಿ ಲ್ಯಾಂಟಿಡ್ರಾ ಎಂಬ ಐಲೆಟ್ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದ್ದು ಇಂಥವರಿಗಾಗಿಯೇ.

ಇದರ ಬೆಲೆಯನ್ನೂ ಕೇಳಿ. ದುಡ್ಡಿನದಲ್ಲ, ಮೈಯದು. ಕಸಿ ಮಾಡಿದ ಕೋಶಗಳನ್ನು ದೇಹ ಕೊಲ್ಲದಂತೆ ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳನ್ನು ಬಿಡದೆ ನುಂಗಬೇಕು. ಸೋಂಕು ಬೇಗ ತಗಲುತ್ತದೆ, ಕಿಡ್ನಿಗೆ ಪೆಟ್ಟಾಗಬಹುದು, ಕ್ಯಾನ್ಸರ್ ಭಯವೂ ಹೆಚ್ಚು. ಇನ್ಸುಲಿನ್‌ನಲ್ಲಿ ಚೆನ್ನಾಗಿರುವ ಮಗುವಿಗೆ ಇಷ್ಟೆಲ್ಲ ಬೇಕಾ? ನನ್ನ ಮಟ್ಟಿಗೆ ಬೇಡ.

ಕೊನೆಗೆ ಕಾಗದಪತ್ರ. ಮುಂಬೈಯಲ್ಲಿ ಬ್ರೇನ್ ಡೆಡ್ ದಾನಿಗಳ ಅಂಗ ಹಂಚುವುದು ಝೆಡ್‌ಟಿಸಿಸಿ ಎಂಬ ಅಂಗಾಂಗ ಕಸಿ ಸಮನ್ವಯ ಕೇಂದ್ರ. ಅದರ ಹೆಸರೇ ಎತ್ತದೆ ‘ದಾನಿಯ ಸೆಲ್’ ಎಂದರೆ ಅನುಮಾನಿಸಿ. ‘ನಿಮ್ಮದೇ ಸ್ಟೆಮ್ ಸೆಲ್ ತೆಗೆದು ಹಾಕ್ತೀವಿ’ ಎಂದರಂತೂ ಇನ್ನೂ ಜಾಸ್ತಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ನಿಯಮಾವಳಿ ಪ್ರಕಾರ ಡಯಾಬಿಟಿಸ್‌ಗೆ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಮಾಮೂಲಿ ಚಿಕಿತ್ಸೆಯಲ್ಲ, ಪ್ರಯೋಗ ಮಾತ್ರ. ಇಂಥ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ, ಮನೆಗೆ ಬಂದು ಅದರ ವೆಬ್‌ಸೈಟ್‌ನಲ್ಲಿ ಹುಡುಕಿ. ಪ್ರಯೋಗಕ್ಕೆ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಈ ಓಡಾಟದ ನಡುವೆ ಯಾರೇ ಹೇಳಿದರೂ ಇನ್ಸುಲಿನ್ ನಿಲ್ಲಿಸಬೇಡಿ. ಟೈಪ್ 1ರಲ್ಲಿ ಅದು ನಿಂತರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ, ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರುತ್ತದೆ.