ಯಾವ ಡಿಸ್ಕ್ ಯಾವ ಸ್ಲಾಟ್‌ಗೆ? ವರ್ಕ್‌ಸ್ಟೇಷನ್‌ನ ಒಳದಾರಿಗಳನ್ನು ಗುರುತಿಸುವ ಬಗೆ

ವಿಡಿಯೊ ಸಂಕಲನಕ್ಕೋ ಕಟ್ಟಡ ವಿನ್ಯಾಸಕ್ಕೋ ವರ್ಕ್‌ಸ್ಟೇಷನ್ ಕೊಳ್ಳುವವರು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಹತ್ತು ಸಲ ವಿಚಾರಿಸುತ್ತಾರೆ. ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಮತ್ತು ಪೋರ್ಟ್‌ಗಳಿಂದ ಮಾಹಿತಿ ಯಾವ ದಾರಿ ಹಿಡಿದು ಪ್ರೊಸೆಸರ್ ತಲುಪುತ್ತದೆ ಎಂದು ಕೇಳುವವರು ವಿರಳ. ದುಬಾರಿ ಯಂತ್ರವೂ ಕುಂಟುವುದು ಹೆಚ್ಚಾಗಿ ಈ ದಾರಿಯಲ್ಲೇ ಎಂಬುದು ನನ್ನ ಅನುಭವ.

ಮೊದಲು ಮದರ್‌ಬೋರ್ಡ್‌ನ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಂಡು, ಸ್ಲಾಟ್‌ಗಳ ವಿವರವಿರುವ ಪುಟವನ್ನು ತೆರೆಯಿರಿ. ಒಂದು ಹಾಳೆಯ ಮೇಲೆ ಎರಡು ಚೌಕ ಬರೆದು, ಒಂದಕ್ಕೆ ಪ್ರೊಸೆಸರ್, ಇನ್ನೊಂದಕ್ಕೆ ಚಿಪ್‌ಸೆಟ್ (ಬೋರ್ಡ್‌ನ ಇತರ ಭಾಗಗಳನ್ನು ಪ್ರೊಸೆಸರ್‌ಗೆ ಬೆಸೆಯುವ ಚಿಪ್) ಎಂದು ಹೆಸರಿಡಿ. ಪ್ರತಿಯೊಂದು ಸ್ಲಾಟ್ ಮತ್ತು ಪೋರ್ಟ್ ಯಾವ ಚೌಕಕ್ಕೆ ಸೇರಿದೆಯೋ ಅಲ್ಲಿಗೆ ಗೆರೆ ಎಳೆಯಿರಿ. ಪ್ರೊಸೆಸರ್‌ಗೆ ನೇರವಾಗಿ ಸೇರಿದ ಸ್ಲಾಟ್‌ಗೆ ತನ್ನದೇ ದಾರಿಯಿದೆ. ಚಿಪ್‌ಸೆಟ್‌ಗೆ ಸೇರಿದ ಸಾಟಾ ಡಿಸ್ಕ್ (ಕೇಬಲ್ ಮೂಲಕ ಜೋಡಿಸುವ ಹಳೆಯ ಬಗೆಯದು), ನೆಟ್‌ವರ್ಕ್, ಬಹುತೇಕ ಯುಎಸ್‌ಬಿ ಪೋರ್ಟ್‌ಗಳೆಲ್ಲ ಎರಡು ಚೌಕಗಳ ನಡುವಿನ ಒಂದೇ ಕೊಂಡಿಯನ್ನು ಹಂಚಿಕೊಳ್ಳಬೇಕು.

ಆ ಕೊಂಡಿ ಎಷ್ಟು ಅಗಲ ಎಂಬುದೇ ಮುಖ್ಯ ಪ್ರಶ್ನೆ. ಈ ದಾರಿಗಳಿಗಿರುವ ಮಾನದಂಡದ ಹೆಸರು ಪಿಸಿಐ ಎಕ್ಸ್‌ಪ್ರೆಸ್; ಅದರ 3.0 ಆವೃತ್ತಿಯ ಒಂದು ಲೇನ್‌ನಲ್ಲಿ, ಅಂದರೆ ದಾರಿಯ ಒಂದು ಪಥದಲ್ಲಿ, ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 985 ಎಂಬಿ ಸಾಗುತ್ತದೆ, 4.0ರಲ್ಲಿ ಅದರ ಎರಡರಷ್ಟು, 5.0ರಲ್ಲಿ ನಾಲ್ಕರಷ್ಟು. ನನ್ನ ಮೇಜಿನ ಮೇಲಿರುವುದು ಇಂಟೆಲ್‌ನ 10ನೇ ತಲೆಮಾರಿನ ಯಂತ್ರ. ಅದರ ಪ್ರೊಸೆಸರ್ ಕೊಡುವ 16 ಲೇನ್‌ಗಳೂ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವುದರಿಂದ ಪಟ್ಟಿಯಂಥ ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಎರಡೂ ಎಂ.2 ಸ್ಲಾಟ್‌ಗಳು ಚಿಪ್‌ಸೆಟ್‌ನ ಪಾಲಿಗೆ ಬಂದಿವೆ. ಸೆಕೆಂಡಿಗೆ 3,500 ಎಂಬಿ ಓದಬಲ್ಲ ಎರಡು ಎಸ್‌ಎಸ್‌ಡಿಗಳನ್ನು ರೇಡ್ 0 ಮಾದರಿಯಲ್ಲಿ (ಮಾಹಿತಿಯನ್ನು ಎರಡಕ್ಕೂ ಹಂಚಿ ಒಟ್ಟಿಗೆ ಓದುವಂತೆ) ಜೋಡಿಸಿ 7,000 ನಿರೀಕ್ಷಿಸಿದ ನನಗೆ ಸಿಕ್ಕಿದ್ದು ಹೆಚ್ಚುಕಡಿಮೆ ಒಂದೇ ಡಿಸ್ಕ್‌ನ ವೇಗ, ಏಕೆಂದರೆ ನಡುವಿನ ಕೊಂಡಿ 3.0ರ ನಾಲ್ಕು ಲೇನ್‌ಗಳಷ್ಟೇ ಅಗಲ. ಒಂದು ಡಿಸ್ಕ್‌ನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಈ ತೊಂದರೆ ಇಲ್ಲ. ಓದುವುದು ಮೇಲ್ಮುಖವಾಗಿ, ಬರೆಯುವುದು ಕೆಳಮುಖವಾಗಿ ಬೇರೆ ಬೇರೆ ತಂತಿಗಳಲ್ಲಿ ಸಾಗುತ್ತವೆ. ವರ್ಕ್‌ಸ್ಟೇಷನ್‌ಗೆಂದೇ ತಯಾರಾದ ಎಎಂಡಿ ಥ್ರೆಡ್‌ರಿಪ್ಪರ್ ಪ್ರೊ ಪ್ರೊಸೆಸರ್‌ಗೆ 128 ಲೇನ್‌ಗಳನ್ನು ಕೊಟ್ಟಿರುವುದು ಇಂಥ ಇಕ್ಕಟ್ಟು ಬರದಿರಲೆಂದೇ.

ಮುಂದೆ, ಕ್ಯಾಬಿನೆಟ್ ತೆರೆದು ಟಾರ್ಚ್ ಹಿಡಿದು ಉದ್ದನೆಯ ಸ್ಲಾಟ್‌ಗಳ ಒಳಗೆ ನೋಡಿ. ಮೇಲಿನ ಸ್ಲಾಟ್‌ನಲ್ಲಿ ಚಿನ್ನದ ಬಣ್ಣದ ಪಿನ್‌ಗಳು ತುದಿಯವರೆಗೂ ಇರುತ್ತವೆ. ಕೆಳಗಿನದು ಅಷ್ಟೇ ಉದ್ದವಿದ್ದರೂ ಎಷ್ಟೋ ಬೋರ್ಡ್‌ಗಳಲ್ಲಿ ಪಿನ್‌ಗಳು ಅರ್ಧಕ್ಕೂ ಮೊದಲೇ ನಿಂತುಹೋಗಿ, ಉಳಿದದ್ದು ಬರೀ ಪ್ಲಾಸ್ಟಿಕ್ ಆಗಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಮೇಲಿನದರಲ್ಲೇ ಇರಲಿ. ಪ್ರೊಸೆಸರ್‌ಗೆ ನೇರವಾಗಿ ಸೇರಿದ ಎಂ.2 ಸ್ಲಾಟ್ ಇದ್ದರೆ ಅದನ್ನು ದಿನವೂ ಕೆಲಸ ಮಾಡುವ ಕಡತಗಳ ಡಿಸ್ಕ್‌ಗೆ ಮೀಸಲಿಡಿ. ಹಳೆಯ ಕಡತಗಳನ್ನಿಡುವ ಹಾರ್ಡ್‌ಡಿಸ್ಕ್‌ಗೆ ಸಾಟಾ ಪೋರ್ಟ್ ಧಾರಾಳವಾಗಿ ಸಾಲುತ್ತದೆ. ಆದರೆ ಒಂದು ಎಚ್ಚರ: ಅನೇಕ ಬೋರ್ಡ್‌ಗಳಲ್ಲಿ ನಿರ್ದಿಷ್ಟ ಎಂ.2 ಸ್ಲಾಟ್ ತುಂಬಿದೊಡನೆ ಒಂದೆರಡು ಸಾಟಾ ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆ. ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಕೈಪಿಡಿಯಲ್ಲಿ ಈ ಟಿಪ್ಪಣಿಯನ್ನು ಹುಡುಕಿ.

ಜೋಡಿಸುವಾಗ ವಿದ್ಯುತ್ ತಂತಿಯನ್ನು ಕಿತ್ತು, ಕ್ಯಾಬಿನೆಟ್‌ನ ಲೋಹವನ್ನು ಮುಟ್ಟಿ, ಎಸ್‌ಎಸ್‌ಡಿಯನ್ನು ಓರೆಯಾಗಿ ತೂರಿಸಿ, ಮೆಲ್ಲನೆ ಒತ್ತಿ ತಿರುಪು ಬಿಗಿಯಿರಿ.

ಬಳಿಕ ಫಲಿತಾಂಶವನ್ನು ಪರೀಕ್ಷಿಸಲೇಬೇಕು. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶವು ಡಿಸ್ಕ್‌ನ ಈಗಿನ ಸಂಪರ್ಕ ಮತ್ತು ಅದಕ್ಕಿರುವ ಗರಿಷ್ಠ ಸಾಮರ್ಥ್ಯ ಎರಡನ್ನೂ ಅಕ್ಕಪಕ್ಕ ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್‌ಗೆ ಜಿಪಿಯು-ಝಡ್ ಇದೆ. ಕಾರ್ಡ್ ಸುಮ್ಮನಿದ್ದಾಗ ವಿದ್ಯುತ್ ಉಳಿಸಲು ಸಂಪರ್ಕದ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದರಿಂದ, ಅದಕ್ಕೆ ಕೆಲಸ ಕೊಟ್ಟೇ ಅಳೆಯಿರಿ.

ಕೊನೆಗೆ ಹಿಂಬದಿಯ ಯುಎಸ್‌ಬಿ ಪೋರ್ಟ್‌ಗಳಿಗೆ ಅವುಗಳ ವೇಗ ಬರೆದ ಚೀಟಿ ಅಂಟಿಸಿ. 100 ಜಿಬಿ ದೃಶ್ಯಗಳಿರುವ ಹೊರ ಎಸ್‌ಎಸ್‌ಡಿಯನ್ನು ಯುಎಸ್‌ಬಿ 2.0 ಪೋರ್ಟ್‌ಗೆ ಚುಚ್ಚಿ ಸೆಕೆಂಡಿಗೆ 40 ಎಂಬಿಯಂತೆ ನಕಲು ಮಾಡಿದರೆ 40 ನಿಮಿಷ ಮೀರುತ್ತದೆ. ಪಕ್ಕದ ನೀಲಿ (ಯುಎಸ್‌ಬಿ 3.0) ಪೋರ್ಟ್‌ನಲ್ಲಿ 400 ಎಂಬಿ ಸಿಕ್ಕರೆ ನಾಲ್ಕೇ ನಿಮಿಷ ಸಾಕು.